ಹೋಂಸ್ಟೇ ಈಜುಕೊಳಕ್ಕೆ ಆಟೋಮೇಷನ್: ಪ್ಯಾನಲ್ ವೈರಿಂಗ್ ಹೀಗೆ ಮಾಡಿ

ಕೊಡಗು, ಸಕಲೇಶಪುರದ ಕಡೆ ಹೋಂಸ್ಟೇಗಳ ಪಂಪ್ ರೂಮಿನಲ್ಲಿ ಪ್ಯಾನಲ್ ಕಟ್ಟುವುದು ನನ್ನ ಕೆಲಸ. ಬೆಂಗಳೂರಲ್ಲಿ ಕೂತು ಮೊಬೈಲಲ್ಲೇ ಪಂಪು ಶುರು ಮಾಡಬೇಕು ಅನ್ನುವುದು ಮಾಲೀಕರ ಆಸೆ. ಅದೇನೂ ದೊಡ್ಡ ವಿಷಯವಲ್ಲ. ಮೊಬೈಲು ಏನೇ ಹೇಳಿದರೂ ಆಗಬಾರದ್ದು ಆಗದ ಹಾಗೆ ವೈರ್ ಎಳೆಯುವುದೇ ನಿಜವಾದ ಕೆಲಸ. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗಳಿಗಾಗಿ ಬರೆಯುತ್ತಿದ್ದೇನೆ. ಮಾಲೀಕರು ಓದಿದರೆ, ಕೆಲಸ ಮುಗಿದ ಮೇಲೆ ನಾಲ್ಕು ಪ್ರಶ್ನೆ ಕೇಳಬಹುದು.

ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳ ಅಂದುಕೊಳ್ಳಿ. 60,000 ಲೀಟರ್ ನೀರು. ಆರು ಗಂಟೆಯಲ್ಲಿ ಅಷ್ಟೂ ನೀರು ಫಿಲ್ಟರ್ ಹಾಯಬೇಕಾದರೆ ಗಂಟೆಗೆ 10,000 ಲೀಟರ್. ಪೈಪು ತೀರಾ ಉದ್ದ ಇಲ್ಲದಿದ್ದರೆ 1 ಎಚ್‌ಪಿ ಸಿಂಗಲ್ ಫೇಸ್ ಪಂಪು ಸಾಕಾಗುತ್ತದೆ. ಓಡುವಾಗ ಆರು ಆಂಪ್ಸ್ ಆಸುಪಾಸು ಎಳೆಯುವ ಮೋಟಾರು, ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಮೊಬೈಲಿನ ಮಾತು ಕೇಳುವ ಪೆಟ್ಟಿಗೆ ಕಂಟ್ರೋಲರ್, ಅದರೊಳಗಿನ ಚಿಕ್ಕ ಸ್ವಿಚ್ಚು ರಿಲೇ. ಕಂಟ್ರೋಲರ್ ಮೇಲೆ ‘10 ಆಂಪ್ಸ್ ರಿಲೇ’ ಅಂತ ಬರೆದಿರುವುದನ್ನು ನೋಡಿ ಮೋಟಾರನ್ನು ನೇರ ಅದಕ್ಕೇ ಕೊಡಬೇಡಿ. ಆ ಲೆಕ್ಕ ಹೀಟರ್ ಥರದ ಲೋಡಿಗೆ. ಮೋಟಾರಿಗೆ ಹಾಕಿದರೆ ರಿಲೇಯ ಪಾಯಿಂಟು ಬೆಸೆದುಕೊಂಡು, ಆಫ್ ಒತ್ತಿದರೂ ಪಂಪು ನಿಲ್ಲುವುದಿಲ್ಲ.

ಆದ್ದರಿಂದ ಮೋಟಾರಿನ ಕರೆಂಟನ್ನು ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚು ಹೊರಲಿ, ರಿಲೇ ಅದರ ಕಾಯಿಲನ್ನಷ್ಟೇ ಎತ್ತಲಿ. ಕಂಟ್ರೋಲ್ ಫೇಸ್ ಮೊದಲು ಓವರ್‌ಲೋಡ್ ರಿಲೇಯ 95-96 ಟರ್ಮಿನಲ್ಲುಗಳಿಗೆ (ಮೋಟಾರು ಮಿತಿ ಮೀರಿ ಎಳೆದರೆ ತೆರೆದುಕೊಳ್ಳುವ ಪಾಯಿಂಟು), ಅಲ್ಲಿಂದ ಆಟೋ-ಆಫ್-ಮ್ಯಾನುಯಲ್ ಸ್ವಿಚ್ಚಿಗೆ, ಆಟೋ ಕಡೆಯಿಂದ ಕಂಟ್ರೋಲರ್ ರಿಲೇ ಮೂಲಕ ಕಾಯಿಲಿನ ತುದಿ ಎ1ಗೆ. ಎ2ಗೆ ನ್ಯೂಟ್ರಲ್. ಮ್ಯಾನುಯಲ್ ಕಡೆಯಿಂದ ನೇರ ಎ1ಗೆ. ಹೀಗಿದ್ದರೆ ಮ್ಯಾನುಯಲ್ಲಿನಲ್ಲಿ ಕಂಟ್ರೋಲರ್ ಮಾತ್ರ ಬದಿಗೆ ಸರಿಯುತ್ತದೆ, ಓವರ್‌ಲೋಡ್ ಕಾವಲು ಹಾಗೇ ಇರುತ್ತದೆ. ಕಾಯಿಲಿನ ಅಡ್ಡಕ್ಕೆ ಒಂದು ಆರ್‌ಸಿ ಸ್ನಬ್ಬರ್ (ಕಾಯಿಲು ಬಿಟ್ಟಾಗ ಏಳುವ ವೋಲ್ಟೇಜ್ ನೆಗೆತವನ್ನು ಹೀರುವ ಭಾಗ) ಹಾಕಿ. ಇಲ್ಲದಿದ್ದರೆ ಪ್ರತಿ ಸಲ ಕಾಂಟ್ಯಾಕ್ಟರ್ ಬಿಟ್ಟಾಗ ಕಂಟ್ರೋಲರ್ ತಲೆಕೆಡಿಸಿಕೊಂಡು ರೀಸ್ಟಾರ್ಟ್ ಆಗುವುದುಂಟು.

ಯೂಟ್ಯೂಬಿನ ಅಮೆರಿಕದ ವಿಡಿಯೊ ನೋಡಿ ಪಂಪಿನ ವೈರಿಂಗ್ ಕಲಿಯುವವರಿದ್ದಾರೆ. ಅಲ್ಲಿ 240 ವೋಲ್ಟ್ ಎಂದರೆ ಎರಡು ಬಿಸಿ ವೈರು, ನಮ್ಮಲ್ಲಿ 230 ಎಂದರೆ ಒಂದು ಫೇಸ್, ಒಂದು ನ್ಯೂಟ್ರಲ್. ಬಣ್ಣವೂ ಬೇರೆ. ಆ ಚಿತ್ರ ನಮ್ಮ ಪ್ಯಾನಲ್ಲಿಗೆ ಹೊಂದುವುದಿಲ್ಲ.

ಈಗ ಡೋಸಿಂಗ್ ಪಂಪು, ಅಂದರೆ ಕೊಳದ ನೀರಿಗೆ ರಾಸಾಯನಿಕ ಬಿಡುವ ಪುಟ್ಟ ಪಂಪು. ಇಲ್ಲಿ ನಿಧಾನವಾಗಿ ಓದಿ. ಕೊಳಕ್ಕೆ ಒಂದು ಕ್ಯಾನಿನಿಂದ ಸೋಡಿಯಂ ಹೈಪೋಕ್ಲೋರೈಟ್, ಇನ್ನೊಂದರಿಂದ ಹೈಡ್ರೋಕ್ಲೋರಿಕ್ ಆಸಿಡ್ ಹೋಗುತ್ತದೆ. ನೀರು ಹರಿಯುತ್ತಿದ್ದಾಗ ಎರಡೂ ತೆಳುವಾಗಿ ಕರಗಿಹೋಗುತ್ತವೆ. ಮುಖ್ಯ ಪಂಪು ನಿಂತು ಡೋಸಿಂಗ್ ಮಾತ್ರ ನಡೆದರೆ, ಎರಡೂ ಪೈಪಿನೊಳಗೇ ಸೇರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಪಂಪು ಮತ್ತೆ ಶುರುವಾದಾಗ ಅದು ಬರುವುದು ಕೊಳದಲ್ಲಿ ಆಡುತ್ತಿರುವ ಮಕ್ಕಳ ಮುಖದ ಹತ್ತಿರ. ‘ಸಾರ್, ಆ್ಯಪಲ್ಲಿ ಸೆಟ್ಟಿಂಗ್ ಇದೆ’ ಅನ್ನುವ ಉತ್ತರ ನನಗೆ ಒಪ್ಪಿಗೆಯಿಲ್ಲ. ತಡೆ ವೈರಿನಲ್ಲೇ ಇರಬೇಕು.

ಡೋಸಿಂಗ್ ಪಂಪಿನ ಫೇಸ್ ಮೊದಲು ಮುಖ್ಯ ಪಂಪಿನ ಕಾಂಟ್ಯಾಕ್ಟರಿನ 13-14ಕ್ಕೆ (ಕಾಂಟ್ಯಾಕ್ಟರ್ ಎತ್ತಿದಾಗಷ್ಟೇ ಕೂಡುವ ಪಾಯಿಂಟು), ಅಲ್ಲಿಂದ ಪೈಪಿನಲ್ಲಿ ನೀರು ಹರಿದಾಗ ಆನ್ ಆಗುವ ಫ್ಲೋ ಸ್ವಿಚ್ಚಿಗೆ, ಆಮೇಲಷ್ಟೇ ಕಂಟ್ರೋಲರಿನ ಡೋಸಿಂಗ್ ರಿಲೇಗೆ. ಎರಡೆರಡು ಯಾಕೆ? ಮೋಟಾರಿಗೆ ಕರೆಂಟು ಹೋಗುವ ದಾರಿ ತೆರೆದಿದೆ ಎಂದು ಕಾಂಟ್ಯಾಕ್ಟರ್ ಹೇಳಬಲ್ಲದು, ನೀರು ಹರಿಯುತ್ತಿದೆ ಎಂದು ಹೇಳಲಾರದು. ಗಾಳಿ ಹಿಡಿದ ಪಂಪು ನೀರಿಲ್ಲದೆಯೂ ತಿರುಗುತ್ತದೆ. ಫ್ಲೋ ಸ್ವಿಚ್ಚಿನಲ್ಲಿ ನೀರಿನ ರಭಸಕ್ಕೆ ಬಾಗುವ ಪಟ್ಟಿಯಾದರೋ ಕಸ ಸಿಕ್ಕಿ ಆನ್ ಆಗಿಯೇ ಕೂತುಬಿಡಬಹುದು. ಉಪ್ಪುನೀರಿನಿಂದಲೇ ಕ್ಲೋರಿನ್ ತಯಾರಿಸುವ ಉಪ್ಪಿನ ಕ್ಲೋರಿನೇಟರ್ ಇದ್ದರೂ ಇದೇ ಸರಣಿ, ಮಧ್ಯೆ ಇನ್ನೊಂದು ರಿಲೇ ಇಟ್ಟು. ನೀರು ನಿಂತಾಗ ಅದರ ಸೆಲ್ಲಿನಲ್ಲಿ ಹೈಡ್ರೋಜನ್ ಕೂಡುತ್ತದೆ.

ಲೈಟು ನೀರಿನೊಳಗಿದ್ದರೆ 12 ವೋಲ್ಟ್ ಎಸಿ, ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರಿನಿಂದ. ಟ್ರಾನ್ಸ್‌ಫಾರ್ಮರ್ ಪಂಪ್ ರೂಮಿನಲ್ಲಿರಲಿ, ರಿಲೇ 230ರ ಕಡೆ ಇರಲಿ. 18 ವ್ಯಾಟಿನ ನಾಲ್ಕು ಎಲ್‌ಇಡಿಗೆ 2.5 ಸ್ಕ್ವೇರ್ ಎಂಎಂನ ಒಂದೇ ಕೇಬಲ್ಲು 25 ಮೀಟರ್ ಎಳೆದರೆ 12ರಲ್ಲಿ ಎರಡು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಹೋಗುತ್ತದೆ. ಲೈಟಿಗೊಂದು ಕೇಬಲ್ ಎಳೆಯಿರಿ.

ಕೊಳದ ಎಲ್ಲ ಸರ್ಕ್ಯೂಟಿಗೂ 30 ಮಿಲಿಆಂಪ್ಸ್ ಆರ್‌ಸಿಸಿಬಿ ಬೇಕು, ಕರೆಂಟು ಸೋರಿದರೆ ಕಡಿಯುವ ಬ್ರೇಕರ್ ಅದು. ಇದರಲ್ಲಿ ಚೌಕಾಸಿ ಇಲ್ಲ. ಆಟೋಮೇಷನ್ ಹಾಕಿದ ಮೇಲೆ ಅದು ಸುಮ್ಮಸುಮ್ಮನೆ ಬೀಳುತ್ತಿದ್ದರೆ ಮೊದಲು ಕಾಯಿಲಿನ ನ್ಯೂಟ್ರಲ್ ಹುಡುಕಿ. ಫೇಸ್ ಒಂದು ಆರ್‌ಸಿಸಿಬಿಯಿಂದ, ನ್ಯೂಟ್ರಲ್ ಪಕ್ಕದ ಸರ್ಕ್ಯೂಟಿನ ನ್ಯೂಟ್ರಲ್ ಬಾರಿನಿಂದ ತೆಗೆದಿರುತ್ತಾರೆ. ಆರ್‌ಸಿಸಿಬಿ ತೆಗೆದು ಹಾಕುವುದು ಪರಿಹಾರವಲ್ಲ. ಇನ್ನು ಏಣಿ, ಕೈ ಹಿಡಿಯುವ ಕಂಬಿ, ಕೊಳದ ಕಾಂಕ್ರೀಟಿನ ಕಬ್ಬಿಣ, ಪಂಪಿನ ಲೋಹದ ಮೈ, ಎಲ್ಲವನ್ನೂ ತಾಮ್ರದ ವೈರಿನಿಂದ ಒಂದಕ್ಕೊಂದು ಸೇರಿಸಿ ಅರ್ತಿಗೆ ಕೊಡಿ. ಏಣಿಗೇ ಬೇರೆ ಅರ್ತ್ ಪಿಟ್ ಹೊಡೆದರೆ ಈ ಕೆಲಸ ಆದಂತಲ್ಲ.

ಟೆಂಪರೇಚರ್ ಸೆನ್ಸರ್, ಆರ್‌ಎಸ್-485 (ಕಂಟ್ರೋಲರಿನ ಸಂದೇಶ ಸಾಗಿಸುವ) ವೈರುಗಳನ್ನು ಮೋಟಾರ್ ಕೇಬಲಿನ ಪೈಪಿನಲ್ಲಿ ತೂರಿಸಬೇಡಿ.

ಮಲೆನಾಡಿನಲ್ಲಿ ಮಳೆಗಾಲದ ಕರೆಂಟು ಬಂದು ಹೋಗಿ ಆಡುತ್ತದೆ. ಬಂದ ಕೂಡಲೇ ಪಂಪು ಎದ್ದೇಳದ ಹಾಗೆ ಮೂರು ನಿಮಿಷದ ಆನ್-ಡಿಲೇ ಟೈಮರ್ ಹಾಕಿ. ತ್ರೀ ಫೇಸ್ ಪಂಪಾದರೆ, ಒಂದು ಫೇಸ್ ಹೋದಾಗ ಪಂಪು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಕಡ್ಡಾಯ.

ಬಿಲ್ ಕೊಡುವ ಮುಂಚೆ, ಡೋಸಿಂಗ್ ಟ್ಯೂಬುಗಳನ್ನು ಕ್ಯಾನಿನಿಂದ ತೆಗೆದು ಸಾದಾ ನೀರಿನ ಬಕೆಟ್ಟಿಗೆ ಇಳಿಸಿ. ಕಂಟ್ರೋಲರಿನಿಂದ ಡೋಸಿಂಗ್ ಆನ್ ಮಾಡಿಟ್ಟು, ಮೋಟಾರಿನ ಎಂಸಿಬಿ ಇಳಿಸಿ, ಕಂಟ್ರೋಲ್ ಎಂಸಿಬಿ ಹಾಗೇ ಇರಲಿ. ಕಾಂಟ್ಯಾಕ್ಟರ್ ಎತ್ತಿಕೊಂಡಿರುತ್ತದೆ, ನೀರು ಹರಿಯುವುದಿಲ್ಲ, ಡೋಸಿಂಗ್ ನಿಲ್ಲಬೇಕು. ಆಮೇಲೆ ಮೇನ್ ಆಫ್ ಮಾಡಿ ಫ್ಲೋ ಸ್ವಿಚ್ಚಿನ ಎರಡು ತುದಿ ಲೂಪ್ ಮಾಡಿ, ಮೇನ್ ಆನ್ ಮಾಡಿ ಪಂಪನ್ನು ಆಫ್‌ನಲ್ಲಿಡಿ. ಆಗಲೂ ಡೋಸಿಂಗ್ ನಡೆಯಬಾರದು. ಲೂಪ್ ತೆಗೆದು ಜೇಬಿಗೆ ಹಾಕಿಕೊಳ್ಳಿ, ಪ್ಯಾನಲ್ಲಿನಲ್ಲಿ ಬಿಟ್ಟು ಬರಬೇಡಿ. ಆಸಿಡ್ ಕ್ಯಾನನ್ನೂ ಪಂಪ್ ರೂಮಿನಿಂದ ಹೊರಗೆ, ಗಾಳಿಯಾಡುವ ಕಡೆ, ಹೈಪೋಕ್ಲೋರೈಟ್ ಕ್ಯಾನಿನಿಂದ ದೂರ ಇಡಿಸಿ. ಅದರ ಹೊಗೆಗೆ ಹೊಸ ಟರ್ಮಿನಲ್ಲುಗಳು ಹಸಿರುಗಟ್ಟಲು ಒಂದು ಮಳೆಗಾಲವೂ ಬೇಕಿಲ್ಲ.