ನೀಲಿ ಕೊಟ್ಟ ಮೇಲೆ ಸಿಕ್ಕ ನೋಡ್‌ಗಳು

"ಏಳೇ ನೋಡ್ ಸಿಕ್ಕಿದ್ದಾ? ಹನ್ನೆರಡಾದರೂ ಬೇಡವೇ ಮಾರಾಯರೇ? ರಕ್ತನಾಳದ ಬುಡದಿಂದಲೇ ಬಿಡಿಸಿ ಕೊಟ್ಟಿದ್ದೇನಲ್ಲ!"

ಸರ್ಜನ್ನರ ಈ ಫೋನು ತಿಂಗಳಿಗೆ ಎರಡು ಸಲವಾದರೂ ಬರುತ್ತಿತ್ತು. ಕ್ಯಾನ್ಸರಿಗಾಗಿ ಅವರು ಕತ್ತರಿಸಿ ತೆಗೆದ ಕರುಳಿನ ಸುತ್ತಲಿನ ಕೊಬ್ಬಿನಲ್ಲಿ ನೋಡ್, ಅಂದರೆ ದುಗ್ಧಗ್ರಂಥಿ, ಹುಡುಕಿ ಪರೀಕ್ಷಿಸುವ ಪೆಥಾಲಜಿಸ್ಟ್ ನಾನು. ಅವರ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ಏಳು ಹುಡುಕಿ, ಏಳರಲ್ಲೂ ಕ್ಯಾನ್ಸರ್ ಇಲ್ಲ ಎಂದು ಬರೆದರೆ, ಅದು ನಿಜವಾಗಿ ಎರಡನೇ ಹಂತವೋ ಅಥವಾ ನಮ್ಮ ಕಣ್ಣು ತಪ್ಪಿಸಿಕೊಂಡ ಮೂರನೇ ಹಂತವೋ? ಕೀಮೋ ಕೊಡುವ ತೀರ್ಮಾನ ಅಲ್ಲಿಯೇ ತೂಗಾಡುತ್ತಿರುತ್ತದೆ. ಆಗ ನನ್ನ ಸರಾಸರಿ ಎಂಟೋ ಒಂಬತ್ತೋ ಇತ್ತು. ಕೊಬ್ಬನ್ನು ನೋಡಿ ನೋಡಿ ಸುಸ್ತಾದರೂ ನೋಡ್ ಕಾಣುತ್ತಿರಲಿಲ್ಲ.

"ಬೆರಳಿಗೆ ಸಿಗದ್ದು ಅಲ್ಲಿ ಇರುವುದೇ ಇಲ್ಲ" ಎಂಬುದು ನಮ್ಮ ಹಿರಿಯರ ವಾದ. ಆದರೆ ಕರುಳಿನ ಕೊಬ್ಬಿನಲ್ಲಿರುವ ನೋಡ್‌ಗಳಲ್ಲಿ ಹೆಚ್ಚಿನವು 5 ಮಿಲಿಮೀಟರಿಗಿಂತ ಚಿಕ್ಕವು. ಇನ್ನೊಂದು ಅವಮಾನವೂ ಇತ್ತು. ಆಪರೇಷನ್ನಿನಿಂದ ಬಂದ ಅಂಗಗಳನ್ನು ಕತ್ತರಿಸಿ ನೋಡುವ ನಮ್ಮ ಗ್ರಾಸಿಂಗ್ ಕೋಣೆಯ ಸಹಾಯಕರು ಬೆಂಗ್ರೆಯವರು, ದಿನಾ ದೋಣಿಯಲ್ಲಿ ದಾಟಿ ಬಂದರಿಗೆ ಇಳಿದು ಕೆಲಸಕ್ಕೆ ಬರುವವರು. ನಾನು ಮುಗಿಯಿತೆಂದು ಬದಿಗಿಟ್ಟ ಕೊಬ್ಬನ್ನು ಬಕೆಟ್ಟಿಗೆ ಹಾಕುವ ಮೊದಲು ಒಮ್ಮೆ ತಡವಿ, "ಡಾಕ್ಟರೇ, ಇದೊಂದು" ಎಂದು ಎತ್ತಿಕೊಡುತ್ತಿದ್ದರು. ಬೂತಾಯಿ ಮೀನಿನ ಮುಳ್ಳು ಬಿಡಿಸಿ ಬೆಳೆದ ಬೆರಳು.

ಮೊದಲು ಅಸಿಟೋನ್ ಹಿಡಿದೆ. ಕೊಬ್ಬು ಕರಗಿತು, ನೋಡ್‌ಗಳೂ ಎದ್ದು ಕಂಡವು, ನಿಜ. ಆದರೆ ಮೂರು ನಾಲ್ಕು ದಿನ ಕಾಯಬೇಕು, ಅಷ್ಟರಲ್ಲಿ ರಿಪೋರ್ಟಿಗೆ ಐದು ಫೋನು. ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯಲ್ಲಿ ಆ ವಾಸನೆ, ಮೇಲಿಂದ ಬೆಂಕಿಯ ಭಯ. ಎರಡು ತಿಂಗಳಿಗೆ ಒಂಬತ್ತು ಸಾವಿರದಷ್ಟು ಖರ್ಚಾಯಿತು. ಲೆಕ್ಕ ನೋಡುವವರು ಬಿಲ್ಲನ್ನು ನನ್ನ ಮೇಜಿನ ಮೇಲೆ ಮಾತಿಲ್ಲದೆ ಇಟ್ಟು ಹೋದರು.

ಆಮೇಲೆ ಗ್ಲೇಶಿಯಲ್ ಅಸಿಟಿಕ್ ಆಮ್ಲ, ಎಥನಾಲ್, ನೀರು, ಫಾರ್ಮಾಲಿನ್ ಸೇರಿಸಿದ ದ್ರಾವಣ. ಒಂದು ರಾತ್ರಿಗೆ ನೋಡ್‌ಗಳು ಸುಣ್ಣದ ಹರಳಿನಂತೆ ಬೆಳ್ಳಗಾಗುತ್ತವೆ. ಕಷ್ಟವೇನೆಂದರೆ ಅಡ್ಡ ಕತ್ತರಿಸಿದ ರಕ್ತನಾಳವೂ ನರವೂ ಹಾಗೆಯೇ ಬೆಳ್ಳಗೆ ಕಾಣುತ್ತವೆ. ಒಂದು ಕೇಸಿಗೆ ಮೂವತ್ತು ಕ್ಯಾಸೆಟ್, ಅಂದರೆ ತುಣುಕು ಹಾಕುವ ಪುಟ್ಟ ಡಬ್ಬಿ, ತುಂಬಿಸಿ, ಸೂಕ್ಷ್ಮದರ್ಶಕದಡಿ ಹತ್ತು ಹನ್ನೆರಡು ಬರೀ ರಕ್ತನಾಳ ಎಂದು ಗೊತ್ತಾದಾಗ ಟೆಕ್ನಿಷಿಯನ್ ಅಕ್ಕ ನನ್ನ ಮುಖ ನೋಡಲಿಲ್ಲ. ಒಂದು ಕ್ಯಾಸೆಟ್ಟಿಗೆ ಮೇಣ, ಸ್ಲೈಡು, ಬಣ್ಣ ಸೇರಿ ಅರವತ್ತು ರೂಪಾಯಿ ಎಂದಿಟ್ಟರೂ ಆ ದಿನ ಎಷ್ಟು ಹೋಯಿತೆಂದು ನೀವೇ ಲೆಕ್ಕ ಹಾಕಿ.

ನಡುವೆ ಹುಚ್ಚಾಟಗಳೂ ಆದವು. ಎಕ್ಸ್‌ರೇ ನೋಡುವ ದೀಪದ ಪೆಟ್ಟಿಗೆಯ ಮೇಲೆ ಕೊಬ್ಬಿನ ಹೋಳು ಹರಡಿ ನೋಡಿದೆ. ತೆಳುವಾದ ಹೋಳಿನಲ್ಲಿ ಪರವಾಗಿಲ್ಲ, ದಪ್ಪಗಿದ್ದರೆ ಎಲ್ಲವೂ ಮೋಡ. ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಬಟ್ಟೆಗೆ ಹಾಕುವ ನೀಲಿಯನ್ನು ಚುಚ್ಚಿ ನೋಡೋಣ ಎಂದ. ನೋಡಿದೆವು. ನೋಡ್ ಬಿಟ್ಟು ಉಳಿದದ್ದೆಲ್ಲ ನೀಲಿಯಾಯಿತು.

ಕೊನೆಗೆ ಕೈಹಿಡಿದದ್ದು ಮೆಥಿಲೀನ್ ಬ್ಲೂ. ನನ್ನ ಸಂಶೋಧನೆಯಲ್ಲ, ಜರ್ಮನಿಯ ಪೆಥಾಲಜಿಸ್ಟರು 2007ರಲ್ಲೇ ಪ್ರಕಟಿಸಿದ ವಿಧಾನ. ಸ್ಪೆಸಿಮನ್, ಅಂದರೆ ಕತ್ತರಿಸಿ ತೆಗೆದ ಕರುಳು, ಹಸಿಯಾಗಿರುವಾಗಲೇ ಗಂಟು ಹಾಕಿದ ಅಪಧಮನಿಯನ್ನು ಹುಡುಕಿ, ಸಲೈನಿನಲ್ಲಿ ತೆಳು ಮಾಡಿದ ಬಣ್ಣವನ್ನು ಐವಿ ಕ್ಯಾನುಲಾದಿಂದ ಹದಿನೈದು ಇಪ್ಪತ್ತು ಮಿಲಿ ಮೆಲ್ಲಗೆ ಬಿಡುವುದು. ಸಣ್ಣ ನಾಳಗಳು ನೀಲಿಯಾದರೆ ಸಾಕು, ಫಾರ್ಮಾಲಿನ್‌ಗೆ ಹಾಕಿ ಮರುದಿನ ಹೋಳು ಮಾಡಿದರೆ ನೋಡ್‌ಗಳೂ ನೀಲಿಯಾಗಿ ಕಾಣುತ್ತವೆ. ಖರ್ಚು ಒಂದು ಕೇಸಿಗೆ ನೂರು ರೂಪಾಯಿಯೊಳಗೆ.

ಮೊದಲ ಐದರಲ್ಲಿ ನಾಲ್ಕು ಕೆಟ್ಟವು. ಎರಡು ರಾತ್ರಿ ಆಪರೇಷನ್ನಿನವು. ಬೆಳಿಗ್ಗೆ ನನ್ನ ಕೈಗೆ ಬರುವಾಗ ಫಾರ್ಮಾಲಿನ್‌ನಲ್ಲಿ ಗಟ್ಟಿಯಾಗಿದ್ದವು, ಬಣ್ಣ ಒಳಗೆ ಹೋಗಲೇ ಇಲ್ಲ. ಒಂದರಲ್ಲಿ ಅಪಧಮನಿಯೇ ಸಿಗಲಿಲ್ಲ. ಇನ್ನೊಂದರಲ್ಲಿ ಕ್ಯಾನುಲಾ ಜಾರಿ ಬಣ್ಣವೆಲ್ಲ ನನ್ನ ಏಪ್ರನ್ನಿಗೆ ಚಿಮ್ಮಿತು. "ಸ್ಪೆಸಿಮನ್ನಿನ ಅಂಚಿಗೆ ಬಣ್ಣ ಬಳಿಯುವುದು ಕೇಳಿದ್ದೇನೆ, ಡಾಕ್ಟರಿಗೆ ಬಳಿಯುವುದು ಕೇಳಿರಲಿಲ್ಲ" ಎಂದರು ಹಿರಿಯರು. ಆಪರೇಷನ್ ಥಿಯೇಟರಿನ ಸಿಸ್ಟರನ್ನು ಒಪ್ಪಿಸಿ, ಅಪಧಮನಿಗೆ ಉದ್ದ ದಾರ ಬಿಟ್ಟು ಗಂಟು ಹಾಕಿಸಿ, ಫಾರ್ಮಾಲಿನ್ ಇಲ್ಲದೆ ತಕ್ಷಣ ಕಳುಹಿಸುವಂತೆ ಮಾಡಿದ ಮೇಲೆ ದಾರಿ ಸರಿಹೋಯಿತು. ಕ್ಯಾನುಲಾ ಜಾರದಂತೆ ಮಾಡುವ ಉಪಾಯ ಒಂದಿದೆ, ಬಣ್ಣ ಎಷ್ಟು ತೆಳುವಾಗಿರಬೇಕು ಎಂಬುದಿದೆ. ಅವೆರಡನ್ನು ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ.

ಈಗ ನಲವತ್ತಕ್ಕೂ ಹೆಚ್ಚು ಕೇಸುಗಳಾಗಿವೆ, ಸರಾಸರಿ ಇಪ್ಪತ್ತರ ಮೇಲೆ. ಒಮ್ಮೆ ಮೂವತ್ತಾರು ಸಿಕ್ಕವು. ಹಿರಿಯರು ತಾವೇ ಸ್ಲೈಡು ಎಣಿಸಿ ನೋಡಿದರು, ಏನೂ ಹೇಳಲಿಲ್ಲ. ವಿಕಿರಣ ಚಿಕಿತ್ಸೆಯಾದ ಗುದನಾಳದಲ್ಲಿ ಮಾತ್ರ ಈಗಲೂ ಕಡಿಮೆ, ಅಲ್ಲಿ ನೋಡ್‌ಗಳೇ ಸೊರಗಿರುತ್ತವೆ. ಎಣಿಕೆ ಏರಿದಷ್ಟು ಪಾಸಿಟಿವ್, ಅಂದರೆ ಕ್ಯಾನ್ಸರ್ ಇರುವ ನೋಡ್, ಏರಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆದರೂ ಒಬ್ಬರಲ್ಲಿ ಹದಿನಾರನೆಯದು, ಎರಡು ಮಿಲಿಮೀಟರಿನದು, ಹಂತವನ್ನೇ ಬದಲಿಸಿತು.

ಹೋದ ತಿಂಗಳು ನೀಲಿಯವನ್ನೆಲ್ಲ ಆರಿಸಿ ಇಪ್ಪತ್ತೆರಡು ಎಂದು ಹೆಮ್ಮೆಯಿಂದ ಬರೆದಿಟ್ಟಿದ್ದೆ. ಬೆಂಗ್ರೆಯವರು ಉಳಿದ ಕೊಬ್ಬನ್ನು ತಡವಿ, ಗಟ್ಟಿಯಾದ, ಸ್ವಲ್ಪವೂ ನೀಲಿಯಾಗದ ಒಂದನ್ನು ಎತ್ತಿ ಬೋರ್ಡಿನ ಮೇಲಿಟ್ಟರು. ಕತ್ತರಿಸಿದರೆ ಒಳಗೆಲ್ಲ ಗೆಡ್ಡೆ. ಬಣ್ಣ ನುಗ್ಗಲು ಜಾಗವೇ ಉಳಿದಿರಲಿಲ್ಲ. ಇಪ್ಪತ್ತೆರಡನ್ನು ಹೊಡೆದು ಇಪ್ಪತ್ಮೂರು ಎಂದು ತಿದ್ದಿದೆ.