ಬರ್ಲಿನ್‌ನ ಸ್ಟಾಸಿ ಜೈಲನ್ನು ನಮ್ಮವರಿಗೆ ನಾನು ತೋರಿಸುವ ರೀತಿ

ಊರಿಂದ ಯಾರೇ ಬರ್ಲಿನ್‌ಗೆ ಬರಲಿ, ಗೋಡೆ ನೋಡಿದ ಮೇಲೆ ಹೊಹೆನ್‌ಶೋನ್‌ಹೌಸೆನ್‌ಗೆ ಕರೆದುಕೊಂಡು ಹೋಗುತ್ತೇನೆ. ಪೂರ್ವ ಜರ್ಮನಿಯ ಗುಪ್ತ ಪೊಲೀಸರು, ಅಂದರೆ ಸ್ಟಾಸಿ, ವಿಚಾರಣೆಗೆ ಜನರನ್ನು ಹಾಕುತ್ತಿದ್ದ ಜೈಲು ಅದು. 1951ರಲ್ಲಿ ಸೋವಿಯತ್‌ನವರಿಂದ ಅವರ ಕೈಗೆ ಬಂತು, 1990ರಲ್ಲಿ ಮುಚ್ಚಿತು, 1994ರಿಂದ ಸ್ಮಾರಕ. ಪೂರ್ವ ಬರ್ಲಿನ್‌ನ ಆಗಿನ ನಕ್ಷೆಗಳಲ್ಲಿ ಈ ಜಾಗವನ್ನೇ ತೋರಿಸುತ್ತಿರಲಿಲ್ಲ. ಈಗ ಅಲೆಕ್ಸಾಂಡರ್‌ಪ್ಲಾಟ್ಸ್‌ನಲ್ಲಿ ಎಂ5 ಟ್ರಾಮ್ ಹತ್ತಿದರೆ ಆಯಿತು.

ನಮ್ಮ ಫ್ರೀಡಂ ಪಾರ್ಕ್ ಥರ ಸುಮ್ನೆ ಒಂದು ಸುತ್ತು ಹಾಕಿ ಬರೋಣ ಅಂದ್ರೆ ಆಗಲ್ಲ. ಸೆಲ್‌ಗಳನ್ನು ನೋಡಬೇಕಾದರೆ ಗೈಡ್ ಜೊತೆಗೇ ಹೋಗಬೇಕು, ಅವರಲ್ಲಿ ಕೆಲವರು ಅಲ್ಲೇ ಕೈದಿಗಳಾಗಿದ್ದವರು. ಅಂಥವರು ಮಾತಾಡುವಾಗ ಪಕ್ಕದಲ್ಲಿ ಪಿಸುಗುಟ್ಟುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕೇ ಹಿನ್ನೆಲೆಯನ್ನೆಲ್ಲ ಟ್ರಾಮಿನಲ್ಲೇ ಕನ್ನಡದಲ್ಲಿ ಹೇಳಿ ಮುಗಿಸುತ್ತೇನೆ.

ಎಲ್ಲರೂ ನೆಲಮಾಳಿಗೆಯಲ್ಲಿ ಬೆಚ್ಚಿಬೀಳುತ್ತಾರೆ. ಕಿಟಕಿಯೇ ಇಲ್ಲದ ಸೆಲ್‌ಗಳು, ಸೋವಿಯತ್ ಕಾಲದವು. ಆದರೆ ನಿಧಾನವಾಗಿ ನೋಡಬೇಕಾದ್ದು ಆಮೇಲೆ ಕೈದಿಗಳ ಕೈಯಲ್ಲೇ ಕಟ್ಟಿಸಿದ ಹೊಸ ಕಟ್ಟಡವನ್ನು ಅಂತ ನನ್ನ ಅಭಿಪ್ರಾಯ. ನಮ್ಮ ಚಿಕ್ಕಪ್ಪ ಅಲ್ಲಿ ನಿಂತು, "ಇಷ್ಟು ನೀಟಾಗಿದೆಯಲ್ಲೋ, ಇಲ್ಲೇನು ಹಿಂಸೆ ಕೊಡ್ತಿದ್ರು?" ಅಂತ ಕೇಳಿದರು. ಕಾರಿಡಾರ್‌ನ ದೀಪ ತೋರಿಸಿದೆ. ಒಬ್ಬ ಕೈದಿಯನ್ನು ಕರೆದುಕೊಂಡು ಹೋಗುವಾಗ ಕೆಂಪು ದೀಪ ಹತ್ತುತ್ತಿತ್ತು, ಇನ್ನೊಬ್ಬ ಎದುರಿಗೆ ಬರಲೇಬಾರದು, ಒಬ್ಬರ ಮುಖ ಒಬ್ಬರಿಗೆ ಕಾಣಲೇಬಾರದು ಅಂತ. ಗೋಡೆಯುದ್ದಕ್ಕೂ ಒಂದು ತಂತಿ, ಕಾವಲುಗಾರ ಎಳೆದರೆ ಅಲಾರಂ. ಸೆಲ್‌ಗೆ ಗಾಜಿನ ಇಟ್ಟಿಗೆಯ ಕಿಟಕಿ, ಬೆಳಕು ಬರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಮಲಗುವುದೂ ಅಂಗಾತ, ಕೈ ಹೊದಿಕೆಯ ಮೇಲೆ ಇಟ್ಟುಕೊಂಡೇ. ಹೀಗೆ ವಾರಗಟ್ಟಲೆ ಒಂಟಿಯಾಗಿಟ್ಟರೆ, ಮಾತಾಡಲು ಸಿಗುವ ಒಂದೇ ಮುಖ ವಿಚಾರಣೆ ಮಾಡುವವನದು. ಅವನ ಕೋಣೆ ನೋಡಿ: ವಾಲ್‌ಪೇಪರ್, ಪರದೆ, ಮೇಜು, ಯಾವುದೋ ಸರ್ಕಾರಿ ಆಫೀಸಿನ ಹಾಗೇ ಇದೆ. ಹೊಡೆಯದೆಯೇ ಮನುಷ್ಯನನ್ನು ಮುರಿಯುವ ಏರ್ಪಾಡು ಇದು, ಅದಕ್ಕೇ ನನಗೆ ನೆಲಮಾಳಿಗೆಗಿಂತ ಜಾಸ್ತಿ ಭಯ ಹುಟ್ಟಿಸುವುದು ಈ ಕೋಣೆ.

ಕೈದಿಗಳನ್ನು ತರುತ್ತಿದ್ದ ಬಾರ್ಕಾಸ್ ವ್ಯಾನನ್ನೂ ಬಿಡಬೇಡಿ. ಒಳಗೆ ಕಿಟಕಿಯಿಲ್ಲದ ಐದು ಪುಟ್ಟ ಗೂಡುಗಳು. ಎಲ್ಲಿಗೆ ಬಂದೆವು ಅಂತ ಗೊತ್ತಾಗಬಾರದೆಂದು ಊರೆಲ್ಲ ಸುತ್ತಿಸಿ ತರುತ್ತಿದ್ದರಂತೆ.

ಚಿಕ್ಕ ಮಕ್ಕಳನ್ನು ನಾನು ಕರೆದುಕೊಂಡು ಹೋಗುವುದಿಲ್ಲ. ದೊಡ್ಡವರಾದರೂ ಅಷ್ಟೇ, ಅವತ್ತು ಬೇರೆ ಯಾವ ಜಾಗವನ್ನೂ ಪ್ಲಾನ್‌ನಲ್ಲಿ ಇಟ್ಟುಕೊಳ್ಳಬೇಡಿ.