ಹಳೇ ಡೇಲಿಲಿಗಳ ಜೊತೆ ನನ್ನ ಹತ್ತು ವರ್ಷ

ನ್ಯೂಜೆರ್ಸಿಯ ಈ ಮನೆಯನ್ನು ನಾವು ಕೊಂಡಿದ್ದು 2011ರ ನವೆಂಬರ್‌ನಲ್ಲಿ. ಆಗ ಹಿತ್ತಿಲಲ್ಲಿ ಒಣಗಿದ ಹುಲ್ಲು, ಒಂದು ಮರದ ಬೇಲಿ, ಅಷ್ಟೇ ಕಂಡಿದ್ದು. ಬೇಲಿಯ ಬುಡದಲ್ಲಿ ಏನೋ ಇದೆ ಅಂತ ಗೊತ್ತಾಗಿದ್ದು ಮಾರ್ಚ್ ಕೊನೆಗೆ. ಹಿಮ ಕರಗಿದ ಮೇಲೆ ಬೀಸಣಿಗೆ ಬಿಡಿಸಿದ ಹಾಗೆ ಹಸಿರು ಎಲೆಗಳು ಸಾಲಾಗಿ ಎದ್ದವು. ಯಾವ ಕಾಲದಲ್ಲಿ ನೆಟ್ಟಿದ್ದರೋ. ಕೇಳೋಣ ಅಂದ್ರೆ ಆ ಮನೆಯ ಅಜ್ಜಿ ತೀರಿಕೊಂಡ ಮೇಲೆ ಮಕ್ಕಳು ಮನೆ ಮಾರಿದ್ದು, ಅವರಿಗೆ ಗಿಡಗಳ ವಿಷಯ ಏನೂ ಗೊತ್ತಿರಲಿಲ್ಲ.

ಮೇ ಮಧ್ಯದಲ್ಲಿ ಒಂದು ಮೂಲೆಯಲ್ಲಿ ನಿಂಬೆಹಳದಿ ಹೂ ಬಂತು. ಜೂನ್ ಕೊನೆಗೆ ಕಿತ್ತಳೆ ಬಣ್ಣದ್ದು. ಜುಲೈನಲ್ಲಿ ಸೊಂಟ ದಾಟುವ ದಂಟಿನ ಮೇಲೆ ದೊಡ್ಡ ಹಳದಿ ಹೂ. ಮೂರೂ ಡೇಲಿಲಿಗಳೇ. ಹೆಸರಲ್ಲಿ ಲಿಲಿ ಇದ್ದರೂ ಇದು ನಿಜವಾದ ಲಿಲಿ ಅಲ್ಲ, ದಪ್ಪ ಬೇರಿನ ಬುಡದಿಂದ ಹಿಳ್ಳು ಒಡೆದು ಹಿಂಡಾಗಿ ಬೆಳೆಯುವ ಗಿಡ. ಒಂದು ಹೂವಿಗೆ ಒಂದೇ ದಿನದ ಆಯುಸ್ಸು. 1753ರಲ್ಲಿ ಸಸ್ಯವಿಜ್ಞಾನಿ ಲಿನೀಯಸ್ ಬಳಸಿದ ಹೆಮರೋಕ್ಯಾಲಿಸ್ ಅನ್ನೋ ಹೆಸರಿಗೂ ಗ್ರೀಕ್‌ನಲ್ಲಿ 'ದಿನದ ಚೆಲುವು' ಅಂತಲೇ ಅರ್ಥ. ಹೂ ಸಂಜೆಗೆ ಬಾಡಿದರೂ ದಂಟಿನಲ್ಲಿ ನಾಳೆಯ ಮೊಗ್ಗು ಕಾದಿರುತ್ತದೆ. ಹಾಗಾಗಿ ಒಂದು ಹಿಂಡು ಮೂರು ನಾಲ್ಕು ವಾರ ಹೂ ಬಿಡುತ್ತಲೇ ಇರುತ್ತದೆ.

ನನಗಾಗ ಇವು ಯಾವುದೂ ದೊಡ್ಡದಾಗಿ ಕಾಣಲಿಲ್ಲ. ಇಲ್ಲಿ ರಸ್ತೆ ಪಕ್ಕ, ಚರಂಡಿ ದಂಡೆ, ಎಲ್ಲಿ ನೋಡಿದರೂ ಕಿತ್ತಳೆ ಡೇಲಿಲಿ ಇರುತ್ತದೆ. ಅದಕ್ಕೇ ಬೆಲೆ ಇಲ್ಲ. 2014ರಲ್ಲಿ ನಾನು ಹೊಸ ತಳಿಗಳ ಫೋಟೋ ನೋಡಿ ಮರುಳಾದೆ. ಅಂಚಿಗೆಲ್ಲ ನೆರಿಗೆ, ನೆರಿಗೆಯ ಮೇಲೆ ಚಿನ್ನದ ಬಣ್ಣದ ಗೀರು, ಮಧ್ಯೆ ನೇರಳೆ ಕಣ್ಣು. ಒಂದೊಂದು ಹಿಳ್ಳಿಗೆ ನೂರು ಡಾಲರ್‌ವರೆಗೂ ಕೊಟ್ಟು ಆರು ತರಿಸಿದೆ. ಮನೆ ಮುಂದಿನ ಒಳ್ಳೆ ಬಿಸಿಲಿನ ಜಾಗ ಅವಕ್ಕೇ. ಆ ಚಳಿಗಾಲ ಕಳೆದಾಗ ನಾಲ್ಕರ ಬುಡ ಮೆತ್ತಗಾಗಿ ಕೊಳೆತು ಹೋಗಿತ್ತು. ಅವು ಬೆಚ್ಚಗಿನ ರಾಜ್ಯದಲ್ಲಿ ಬೆಳೆದ, ವರ್ಷವಿಡೀ ಎಲೆ ಹಸಿರಾಗಿರುವ ಜಾತಿ ಅಂತ ಮಾರಿದವರು ಬರೆದಿದ್ದರು, ನಾನು ಅದರ ಮೇಲೆ ಕಣ್ಣಾಡಿಸಿಯೇ ಇರಲಿಲ್ಲ. ಉಳಿದ ಎರಡು ಹೂ ಬಿಟ್ಟವು ನಿಜ. ಆದರೆ ರಾತ್ರಿ ಸ್ವಲ್ಪ ತಣ್ಣಗಾದರೆ ಸಾಕು, ಬೆಳಿಗ್ಗೆ ಆ ದಪ್ಪ ನೆರಿಗೆಯ ಅಂಚುಗಳು ಒಂದಕ್ಕೊಂದು ಸಿಕ್ಕಿಕೊಂಡು ಹೂ ಅರ್ಧ ತೆರೆದು ನಿಲ್ಲುತ್ತಿತ್ತು. ಒಂದೇ ದಿನ ಬಾಳುವ ಹೂ ಆ ದಿನವೂ ಅರಳದಿದ್ದರೆ ಹೇಗೆ?

2015ರ ಮೇ ತಿಂಗಳಲ್ಲಿ ಅಮ್ಮ ಸಾಗರದಿಂದ ಬಂದರು, ಆರು ತಿಂಗಳಿಗೆ. ಬಂದ ಮೂರನೇ ದಿನ ಸಂಜೆ ಹಿತ್ತಿಲಿಗೆ ಹೋದವರು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಹೋಗಿ ನೋಡಿದರೆ ನಿಂಬೆಹಳದಿ ಹೂವಿನ ಮುಂದೆ ಬಗ್ಗಿ ನಿಂತಿದ್ದಾರೆ.

"ಇಷ್ಟು ಘಮ ಇರೋ ಹೂವನ್ನ ಬೇಲಿ ಸಂದಿಯಲ್ಲಿ ಬಿಟ್ಟಿದ್ದೀಯಲ್ಲೇ. ಏನಿದರ ಹೆಸರು?"

ಅದು ನನ್ನ ಹಿತ್ತಿಲಲ್ಲಿ ಮೂರು ವರ್ಷದಿಂದ ಅರಳುತ್ತಿದ್ದ ಹೂ. ಅದಕ್ಕೆ ವಾಸನೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ! ನಾನು ಡೇಲಿಲಿಯನ್ನು ಫೋಟೋದಲ್ಲೇ ನೋಡಿ ಅಳೆಯಲು ಕಲಿತಿದ್ದೆ, ಫೋಟೋಗೆ ವಾಸನೆ ಎಲ್ಲಿಂದ ಬರಬೇಕು? ಆಮೇಲೆ ಹುಡುಕಿದಾಗ ಇಲ್ಲಿನವರು ಇದನ್ನು ಲೆಮನ್ ಲಿಲಿ ಅಂತಾರೆ ಅಂತ ತಿಳಿಯಿತು. ಯಾರೂ ಬೆರಕೆ ಮಾಡಿ ತಯಾರಿಸಿದ ತಳಿ ಅಲ್ಲ ಇದು, ಮೂಲ ಜಾತಿಯೇ. ಯುರೋಪಿನ ತೋಟಗಳಲ್ಲಿ 16ನೇ ಶತಮಾನದಿಂದಲೂ ಇದೆ. ಸಂಜೆ ಹೊತ್ತಿಗೇ ಇದರ ಘಮ ಜಾಸ್ತಿ.

ನಮ್ಮೂರಲ್ಲಿ ಅಮ್ಮನದು ಡೇರೆ ಹೂವಿನ ಹುಚ್ಚು. ಮಲೆನಾಡಿನ ಕಡೆಯವರಿಗೆ ಹೇಳಬೇಕಾಗಿಲ್ಲ, ಮಳೆಗಾಲದಲ್ಲಿ ಯಾರ ಮನೆ ಅಂಗಳ ನೋಡಿದರೂ ಡೇರೆ. ನೆಂಟರ ಮನೆಗೆ ಹೋದರೆ ಒಂದು ಗೆಡ್ಡೆ ತರೋದು, ಬಂದವರಿಗೆ ಒಂದು ಗೆಡ್ಡೆ ಕೊಡೋದು. ಅಮ್ಮನ ಡೇರೆಗಳಿಗೆ ಕಂಪನಿ ಹೆಸರು ಇರಲಿಲ್ಲ. 'ಸಿರ್ಸಿ ಅತ್ತಿಗೆ ಕೊಟ್ಟ ಬಿಳಿ', 'ಹೊಸನಗರದ ಕೆಂಪು', ಹೀಗೆ. ಹೆಸರು ಕೇಳಿದರೆ ಗಿಡ ಎಲ್ಲಿಂದ ಬಂತು ಅಂತಲೂ ಗೊತ್ತಾಗುತ್ತಿತ್ತು. ನನ್ನ ಬೇಲಿ ಸಾಲಿಗೆ ಅದೂ ಇಲ್ಲ, ಇದೂ ಇಲ್ಲ. ಅದು ನನಗೆ ಚುಚ್ಚಿತು. ಅಲ್ಲಿಂದಲೇ ನನ್ನ ಹುಡುಕಾಟ ಶುರುವಾಯಿತು.

ಮೊದಲು ಆ ಕಿತ್ತಳೆ ಹೂವಿನ ಕಥೆ ಓದಿದೆ. ಏಷ್ಯಾದಿಂದ ಯುರೋಪಿಗೆ ಬಂದು, ಅಲ್ಲಿಂದ ವಲಸೆ ಹೋದವರ ಗಂಟಿನಲ್ಲಿ ಅಮೆರಿಕಕ್ಕೆ ಬಂದ ಗಿಡ. ವಿಚಿತ್ರ ಏನೆಂದರೆ ಅದು ಬೀಜ ಕಟ್ಟುವುದಿಲ್ಲ. ವರ್ಣತಂತುಗಳ ಗುಂಪು ಎರಡು ಇರಬೇಕಾದಲ್ಲಿ ಮೂರು ಇವೆ, ನಮ್ಮ ಬಾಳೆಯ ಹಾಗೆ. ಬಾಳೆ ಹಿಳ್ಳಿನಿಂದ ಹಿಳ್ಳಿಗೆ ಬರುವಂತೆ ಇದೂ ಬುಡದಿಂದ ಬುಡಕ್ಕೆ, ಮನುಷ್ಯರ ಕೈಯಿಂದ ಕೈಗೆ ದಾಟಿ ಇಡೀ ಖಂಡ ಹಬ್ಬಿದೆ. ಇದು ಯಾಕೆ ಬೀಜ ಕಟ್ಟಲ್ಲ ಅನ್ನೋ ಪ್ರಶ್ನೆಯ ಹಿಂದೆ ಬಿದ್ದವರು ನ್ಯೂಯಾರ್ಕ್ ಬಟಾನಿಕಲ್ ಗಾರ್ಡನ್‌ನ ಎ. ಬಿ. ಸ್ಟೌಟ್. 1911ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದವರು. ಚೀನಾದ ನಾನ್‌ಜಿಂಗ್‌ನಲ್ಲಿ ಪಾಠ ಮಾಡುತ್ತಿದ್ದ ಆಲ್ಬರ್ಟ್ ಸ್ಟುವರ್ಡ್ ಅಲ್ಲಿನ ಕಾಡು ಡೇಲಿಲಿಗಳನ್ನು ಅವರಿಗೆ ಕಳಿಸುತ್ತಿದ್ದರು. ಅವನ್ನೆಲ್ಲ ಕೂಡಿಸಿ, ಹಲವು ಪೀಳಿಗೆ ದಾಟಿಸಿ, 1934ರಲ್ಲಿ ಸ್ಟೌಟ್ 'ಥೆರಾನ್' ಅನ್ನೋ ಗಾಢ ಕೆಂಪು ಬಣ್ಣದ ತಳಿ ಹೊರತಂದರು. ಅದಕ್ಕೂ ಮುಂಚೆ ತೋಟದ ಡೇಲಿಲಿ ಅಂದ್ರೆ ಹಳದಿ, ಕಿತ್ತಳೆ, ಕಂದುಗೆಂಪು, ಇಷ್ಟೇ. ಈಗ ನೋಂದಣಿಯಾದ ತಳಿಗಳ ಸಂಖ್ಯೆ ಒಂದು ಲಕ್ಷ ದಾಟಿದೆ. ಇದನ್ನು ಓದಿದ ದಿನ ನಾನು ರಸ್ತೆ ಪಕ್ಕದ ಕಿತ್ತಳೆ ಹೂವಿನ ಮುಂದೆ ಕಾರು ನಿಲ್ಲಿಸಿ ಇಳಿದು ನೋಡಿದ್ದೆ.

ಹಾಗಂತ ಅದನ್ನು ಎಲ್ಲೆಂದರಲ್ಲಿ ನೆಡಬೇಡಿ. ನೆಲದೊಳಗೇ ಬೇರು ಓಡಿಸಿ ಪಕ್ಕದ ಗಿಡ ನುಂಗುತ್ತದೆ, ಇಲ್ಲಿ ಅದು ಕಾಡಿಗೂ ನುಗ್ಗಿದೆ. ನಾನು ಡ್ರೈವ್‌ವೇ ಮತ್ತು ಗೋಡೆಯ ನಡುವಿನ ಒಂದು ಪಟ್ಟಿಯಲ್ಲಿ ಮಾತ್ರ ಇಟ್ಟಿದ್ದೇನೆ.

ಇನ್ನು ಜುಲೈಯ ದೊಡ್ಡ ಹಳದಿ. ಇದು 'ಹೈಪೀರಿಯನ್' ಇರಬೇಕು ಅಂತ ನೋಡಿದವರೆಲ್ಲ ಹೇಳಿದರು. 1920ರ ದಶಕದಲ್ಲಿ ಇಂಡಿಯಾನಾದ ಮೀಡ್ ಎಂಬುವರು ಬೆಳೆಸಿದ ತಳಿ ಅದು, ಎತ್ತರ, ತಿಳಿಹಳದಿ, ಒಳ್ಳೆ ಘಮ, ನೂರು ವರ್ಷವಾದರೂ ಇಂದಿಗೂ ಮಾರಾಟದಲ್ಲಿದೆ. ನನಗೂ ಹಾಗೇ ಬರೆದು ಬಿಡುವ ಆಸೆ. ಆದರೆ ಹಳೇ ಹಳದಿಗಳು ಒಂದರ ಹಾಗೇ ಇನ್ನೊಂದು ಇರುತ್ತವೆ, ಫೋಟೋ ನೋಡಿ ಹೆಸರು ಹಚ್ಚಿದರೆ ಅದು ಊಹೆ ಅಷ್ಟೇ. ಅದಕ್ಕೇ ನಂಬಿಕೆಯ ಒಬ್ಬ ಬೆಳೆಗಾರರಿಂದ ಹೆಸರು ಖಚಿತವಿದ್ದ ಹೈಪೀರಿಯನ್ ತಂದು ನನ್ನದರ ಪಕ್ಕದಲ್ಲೇ ನೆಟ್ಟೆ. ಹನ್ನೆರಡು ಡಾಲರ್ ಅಷ್ಟೇ ಆಯಿತು. ಮೊದಲ ವರ್ಷ ಬುಡ ಹಿಡಿಯಲಿ ಅಂತ ಬಿಟ್ಟು, ಆಮೇಲೆ ಎರಡು ಬೇಸಿಗೆ ಬರೆದಿಟ್ಟುಕೊಂಡೆ. ಮೊದಲ ಹೂವಿನ ದಿನ, ದಂಟಿನ ಎತ್ತರ, ಒಂದು ದಂಟಿಗೆ ಎಷ್ಟು ಮೊಗ್ಗು, ಎಸಳಿನ ನಡುಗೆರೆಯ ಬಣ್ಣ, ವಾಸನೆ. ನನ್ನದು ಎರಡೂ ವರ್ಷ ಒಂಬತ್ತು ಹತ್ತು ದಿನ ಮುಂಚೆ ಅರಳಿತು, ಎಸಳು ಇನ್ನೂ ಸಣ್ಣ, ಬಣ್ಣ ಒಂಚೂರು ಗಾಢ. ಹೈಪೀರಿಯನ್ ಅಲ್ಲ. ಅಂದು ನೋಟ್‌ಬುಕ್‌ನಲ್ಲಿ 'ಬೇಲಿ ಹಳದಿ' ಅಂತ ಬರೆದೆ. ಈಗಲೂ ಅದೇ ಹೆಸರು.

ನಿಮ್ಮ ಹತ್ತಿರ ಹೆಸರಿಲ್ಲದ ಹಳೇ ಗಿಡ ಇದ್ದರೆ ಇದೊಂದು ಮಾತು ದಯವಿಟ್ಟು ಕೇಳಿ. ಗೊತ್ತಿಲ್ಲದಿದ್ದರೆ ತಪ್ಪು ಹೆಸರು ಹಾಕಬೇಡಿ. ಡೇಲಿಲಿಯ ತಳಿ ಬೀಜದಿಂದ ಬರುವುದಿಲ್ಲ, ಬೀಜ ಹಾಕಿದರೆ ಹುಟ್ಟುವುದು ಬೇರೆಯದೇ ಗಿಡ. ಬುಡ ಒಡೆದು ಒಡೆದು ಕೊಟ್ಟರೆ ಮಾತ್ರ ಅದು ಅದೇ ಆಗಿರುತ್ತದೆ, ಕಸಿ ಮಾಡಿದ ಅಪ್ಪೆಮಿಡಿಯ ಹಾಗೆ. ನನ್ನ ಹೈಪೀರಿಯನ್ ಅಂದ್ರೆ ಆ ಮೀಡ್ ಅವರ ತೋಟದಲ್ಲಿದ್ದ ಗಿಡದ್ದೇ ತುಂಡು. ಮಧ್ಯೆ ಒಬ್ಬರು ಲೇಬಲ್ ತಪ್ಪಿದರೂ ಅಲ್ಲಿಂದ ಮುಂದೆ ಎಲ್ಲರ ಮನೆಯಲ್ಲೂ ತಪ್ಪೇ. ಇದೇ ಕಾರಣಕ್ಕೆ ನಾನು ಬೀಜದ ಕಾಯಿ ಕಂಡ ಕೂಡಲೇ ಮುರಿದು ಹಾಕುತ್ತೇನೆ. ಬಿಟ್ಟರೆ ಬೀಜ ಅಲ್ಲೇ ಬಿದ್ದು, ಹಿಂಡಿನ ಮಧ್ಯೆ ಮರಿಗಿಡ ಎದ್ದು, ನಾಲ್ಕು ವರ್ಷದಲ್ಲಿ ಯಾವುದು ಅಸಲಿ ಅಂತ ನಮಗೇ ಗೊತ್ತಾಗದು.

ಹಳೆಯದನ್ನು ನೋಡುವ ರೀತಿಯೇ ಬೇರೆ ಇರಬೇಕು ಅನ್ನೋದು ನನಗೆ ನಿಧಾನಕ್ಕೆ ತಿಳಿಯಿತು. ಹತ್ತಿರ ಹೋಗಿ ಒಂದು ಹೂವನ್ನು ನೋಡಿದರೆ ಹೊಸದೇ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಹತ್ತು ಹೆಜ್ಜೆ ಹಿಂದೆ ಬನ್ನಿ. ಐದು ವರ್ಷದ ಬೇಲಿ ಹಳದಿ ಹಿಂಡು ಇಪ್ಪತ್ತು ದಂಟು ಎತ್ತಿ ನಿಂತಿರುತ್ತದೆ, ಹೂಗಳು ಎಲೆಗಿಂತ ಎರಡಡಿ ಮೇಲೆ ಗಾಳಿಯಲ್ಲಿ ಆಡುತ್ತಿರುತ್ತವೆ. ಹೊಸವು ಎಷ್ಟೋ ಸಲ ಎಲೆಯ ಮಟ್ಟಕ್ಕೇ ಕುಳಿತಿರುತ್ತವೆ, ಕುಂಡದಲ್ಲಿಟ್ಟ ಹಾಗೆ. 'ಕಾರ್ಕಿ' ಅಂತ 1959ರದ್ದೊಂದಿದೆ, ಪುಟ್ಟ ಹಳದಿ ಹೂ, ಕಡ್ಡಿಯಷ್ಟು ಸಣ್ಣ ಕಪ್ಪು ಛಾಯೆಯ ದಂಟು, ಮೊಗ್ಗಿನ ಹೊರಮೈ ಕಂದು. ಫೋಟೋದಲ್ಲಿ ಏನೂ ಅಲ್ಲ. ಬೆಳಗಿನ ಬಿಸಿಲಿಗೆ ಎದುರಾಗಿ ನೋಡಿದರೆ ಆ ದಂಟುಗಳೇ ಕಾಣದೆ ಹೂಗಳು ಸುಮ್ನೆ ಗಾಳಿಯಲ್ಲಿ ತೇಲುತ್ತಿವೆ ಅನ್ನಿಸುತ್ತದೆ. 1955ರ 'ಫ್ರಾನ್ಸ್ ಹಾಲ್ಸ್' ಎರಡು ಬಣ್ಣದ್ದು, ಒಂದು ಎಸಳು ಇಟ್ಟಿಗೆಗೆಂಪು, ಪಕ್ಕದ್ದು ಹಳದಿ. ಮಗಳಿಗೆ ಅದೇ ಇಷ್ಟ. ನನಗೆ ಹೆಚ್ಚು ಪ್ರೀತಿ ಸ್ಟೌಟ್ ಅವರದ್ದೇ ಆದ 1951ರ 'ಆಟಮ್ ಮಿನರೆಟ್' ಮೇಲೆ. ಐದೂವರೆ ಅಡಿ ದಂಟು, ಅಂದ್ರೆ ನನಗಿಂತ ಎತ್ತರ. ಉಳಿದ ಡೇಲಿಲಿಗಳ ಕಾಲ ಮುಗಿಯುತ್ತ ಬಂದಾಗ ಇದು ಶುರು ಮಾಡುತ್ತದೆ. ಗೌರಿ ಹಬ್ಬ ಆಗಸ್ಟ್‌ನಲ್ಲಿ ಬಂದ ವರ್ಷ ಅದರ ಹೂವನ್ನೇ ಗೌರಿಗೆ ಇಟ್ಟಿದ್ದೇನೆ. ಸಂಜೆಗೆ ಬಾಡುತ್ತದೆ, ಅದಕ್ಕೇನು, ಪೂಜೆ ಬೆಳಿಗ್ಗೆ ತಾನೇ.

ಕೆಲಸ ಜಾಸ್ತಿ ಏನಿಲ್ಲ. ದಿನಕ್ಕೆ ಆರು ಗಂಟೆ ಬಿಸಿಲು, ನೀರು ನಿಲ್ಲದ ಮಣ್ಣು. ನಮ್ಮದು ಜೇಡಿಮಣ್ಣು, ಕಾಂಪೋಸ್ಟ್ ಬೆರೆಸಿದ್ದೇನೆ. ನಾಲ್ಕೈದು ವರ್ಷಕ್ಕೊಮ್ಮೆ, ಹಿಂಡಿನ ಮಧ್ಯ ಹೂ ಕಡಿಮೆಯಾದಾಗ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲಲ್ಲಿ ಒಡೆಯುತ್ತೇನೆ. ನೆಲ ಹೆಪ್ಪುಗಟ್ಟೋ ಮುಂಚೆ ಬೇರಿಗೆ ಕನಿಷ್ಠ ಆರು ವಾರ ಸಿಗಬೇಕು. ಇಡೀ ಹಿಂಡನ್ನು ಎತ್ತಿ, ಪೈಪಿನ ನೀರಿನಲ್ಲಿ ಮಣ್ಣು ತೊಳೆದರೆ ಹಿಳ್ಳುಗಳು ಎಲ್ಲಿ ಸೇರಿವೆ ಅಂತ ಕಾಣುತ್ತದೆ. ಕೈಯಲ್ಲೇ ಅಲುಗಾಡಿಸಿ ಬಿಡಿಸೋದು ಒಳ್ಳೇದು, ಬಿಡದಿದ್ದರೆ ಮಾತ್ರ ಚಾಕು. ಎರಡು ಮೂರು ಹಿಳ್ಳಿನ ತುಂಡು ಮಾಡಿ, ಎಲೆಯನ್ನು ಆರಿಂಚಿಗೆ ಕತ್ತರಿಸಿ ನೆಡಬೇಕು. ಬೇರು ಮತ್ತು ಎಲೆ ಸೇರುವ ಜಾಗ ಮಣ್ಣಿನಿಂದ ಒಂದಿಂಚಿಗಿಂತ ಕೆಳಗೆ ಹೋಗಬಾರದು, ಆಳವಾದರೆ ಗಿಡ ಇರುತ್ತದೆ, ಹೂ ಇರಲ್ಲ. ಹೊರಗಿನಿಂದ ತಂದದ್ದನ್ನು ಒಂದು ಬೇಸಿಗೆ ಬೇರೆ ಇಡಿ. ಎಲೆಗೆ ಕಿತ್ತಳೆ ಪುಡಿ ಬರುವ ತುಕ್ಕು ರೋಗ 2000ದಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡಿತು, ಅದು ಗಿಡದ ಜೊತೆಗೇ ಊರೂರು ಸುತ್ತುತ್ತದೆ. ಮನೆಯಲ್ಲಿ ಬೆಕ್ಕಿದ್ದರಂತೂ ಹುಷಾರು, ಡೇಲಿಲಿ ತಿಂದರೆ ಬೆಕ್ಕಿನ ಕಿಡ್ನಿಯೇ ಹೋಗುತ್ತದೆ.

ನಮ್ಮಲ್ಲಿ ದೊಡ್ಡ ಕಾಟ ಜಿಂಕೆ. ಒಂದು ರಾತ್ರಿಯಲ್ಲಿ ಮೂವತ್ತು ದಂಟಿನ ಮೊಗ್ಗು ತಿಂದು ಹೋದ ವರ್ಷ ನಾನು ಅತ್ತಿದ್ದೇನೆ. ಈಗ ದಂಟು ಏಳುವ ಮುಂಚೆಯೇ ಬಲೆ ಕಟ್ಟುತ್ತೇವೆ, ಅದು ನಮ್ಮನೆಯವರ ಕೆಲಸ.

ಅಮ್ಮ ಹೊರಡುವಾಗ ಒಂದು ಹಿಳ್ಳು ಒಯ್ಯುತ್ತೇನೆ ಅಂದರು. ಬೇಡ ಅಂದೆ. ಪರವಾನಗಿ, ರೋಗವಿಲ್ಲ ಅನ್ನೋ ಪ್ರಮಾಣಪತ್ರ ಇಲ್ಲದೆ ಗಿಡ ಒಯ್ಯುವಂತಿಲ್ಲ. ಒಯ್ದರೂ ಆ ಲೆಮನ್ ಲಿಲಿ ಚಳಿಗಾಲವಿಡೀ ನೆಲದೊಳಗೆ ಮಲಗಿ ಏಳುವ ಗಿಡ, ಸಾಗರದಲ್ಲಿ ಅದಕ್ಕೆ ಅಂಥ ಚಳಿ ಎಲ್ಲಿ? ಅಮ್ಮ ಒಪ್ಪಿದರು, ಆದರೆ ಬೇಜಾರಾಗಿದ್ದು ಮುಖದಲ್ಲಿ ಕಾಣುತ್ತಿತ್ತು. ಈಗ ಮೇ ತಿಂಗಳಲ್ಲಿ ಮೊದಲ ಹೂ ಬಂದ ಸಂಜೆ ವಿಡಿಯೋ ಕಾಲ್ ಮಾಡುತ್ತೇನೆ. "ಘಮ ಬರ್ತಿದ್ಯಾ?" ಅಂತ ಅವರೇ ನನ್ನನ್ನು ಕೇಳುತ್ತಾರೆ.

ಕಳೆದ ಸೆಪ್ಟೆಂಬರ್‌ನಲ್ಲಿ ಬೇಲಿ ಹಳದಿಯನ್ನು ಮತ್ತೆ ಒಡೆದೆ. ಮೂರು ಹಿಳ್ಳು ನಮ್ಮ ಕನ್ನಡ ಗೆಳತಿಯೊಬ್ಬರಿಗೆ, ಅವರು ಪೆನ್ಸಿಲ್ವೇನಿಯಾದಲ್ಲಿ ಹೊಸ ಮನೆ ತಗೊಂಡಿದ್ದಾರೆ. ಹೆಸರೇನು ಬರೆಯಲಿ ಅಂತ ಕೇಳಿದರು. ಅಲ್ಯೂಮಿನಿಯಂ ಪಟ್ಟಿಯ ಮೇಲೆ ಪೆನ್ಸಿಲ್‌ನಲ್ಲಿ ಒತ್ತಿ ನಾನೇ ಬರೆದು ಕೊಟ್ಟೆ, ಪೆನ್ನಿನ ಶಾಯಿ ಎರಡು ಬಿಸಿಲಿಗೆ ಅಳಿಸುತ್ತದೆ, ಪೆನ್ಸಿಲ್ ಒತ್ತಿದ ಗುರುತು ಉಳಿಯುತ್ತದೆ. 'ಬೇಲಿ ಹಳದಿ. ನಿಜ ಹೆಸರು ಗೊತ್ತಿಲ್ಲ. ಹೈಪೀರಿಯನ್ ಅಲ್ಲ. ನ್ಯೂಜೆರ್ಸಿಯ ಅಜ್ಜಿಯ ಹಿತ್ತಿಲಿನದು, 2011ಕ್ಕಿಂತ ಹಳೆಯದು.'